ಇಪ್ಪತ್ತಾರು ಪಾಯಿಂಟ್ ಆರು

ನಾನಾ ಪೇಟೆಯ ಮುಸ್ತನ್ಸಿರ್ ಭಾಯಿ ಮೊದಲು ಕೇಳಿದ್ದು
ಸೈಕಲ್ಲು ಯಾವುದು ಅಂತಲ್ಲ, ಯಾರದು ಅಂತ.
ನನ್ನದೇ, ಅಂದೆ.
ನನ್ನ ನರೆ ನೋಡಿದರು, ಚಪ್ಪಲಿ ನೋಡಿದರು,
ಚೀಲದಿಂದ ಇಣುಕುತ್ತಿದ್ದ ಬೂದಿಬಣ್ಣದ ಸೀಟಿನ ದಂಟು ನೋಡಿದರು.
ಆಮೇಲೆ ಚಹಾ ಹೇಳಿದರು.

ಜುನಾ ಬಜಾರಿನ ಗುಜರಿಯಲ್ಲಿ, ಫ್ಯಾನಿನ ರೆಕ್ಕೆಗಳಡಿ
ಮಡಚಿಟ್ಟ ಕೊಕ್ಕರೆಯ ಹಾಗೆ ಬಿದ್ದಿತ್ತು.
ಇಟಲಿಯದೋ ಫ್ರಾನ್ಸಿನದೋ, ಅಕ್ಷರವೆಲ್ಲ ಉದುರಿ
ಉಳಿದದ್ದು ಒಂದು ಸೊನ್ನೆ, ಅಥವಾ ಓ.
ತೂಕಕ್ಕೆ ಹಾಕಿಯೇ ಕೊಟ್ಟ: ಹತ್ತು ಕಿಲೋ ಎರಡುನೂರು ಗ್ರಾಂ.
ದಂಟು ಮಾತ್ರ ಸೀಳಿತ್ತು,
ಕಿವಿಗೆ ಹಿಡಿದು ಬಾಗಿಸಿದರೆ ಹಪ್ಪಳದ ಸದ್ದು.

ಮೂವತ್ತೊಂದು ವರ್ಷ ದಶಮಾಂಶ ಕಲಿಸಿದವಳು ನಾನು.
ಬಿಂದುವಿನ ಬಲಕ್ಕಿರುವುದು ಸಣ್ಣದು, ಆದರೆ ಸುಳ್ಳಲ್ಲ
ಅಂತ ಭವಾನಿ ಪೇಟೆಯ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ.
ವರ್ನಿಯರ್ ಹಿಡಿದು ಮೂರು ಸಲ ಅಳೆದೆ.
ಇಪ್ಪತ್ತಾರು ಪಾಯಿಂಟ್ ಎರಡು.

ಭಾಯಿ ಅಟ್ಟಕ್ಕೆ ಏಣಿ ಹಾಕಿದರು.
ಇಪ್ಪತ್ತೇಳು ಎರಡು ಬೇಕಾದಷ್ಟಿದೆ, ಇಪ್ಪತ್ತೈದು ನಾಲ್ಕೂ ಇದೆ,
ನಿಮ್ಮದೇ ಒಂದು ಹಟಮಾರಿ ಸಂಖ್ಯೆ, ಅಂತ ಮೇಲಿಂದಲೇ ಬೈದರು.
ಕಡೆಗೆ ಗುಜರಾತಿ ಪತ್ರಿಕೆಯ ಪೊಟ್ಟಣದಲ್ಲಿ,
ಜೇನಿನಂತೆ ಹೆಪ್ಪುಗಟ್ಟಿದ ಗ್ರೀಸಿನೊಳಗೆ
ಸಿಕ್ಕಿತು. ನಾನು ದುಡ್ಡು ಎಣಿಸುವಾಗ ಕೈ ನಡುಗಿತು.

ಖಡಕವಾಸಲೆಯ ದಾರಿಯಲ್ಲಿ ಗಿಡ್ಡಾಗತೊಡಗಿದೆ.
ರಾಜಾರಾಮ ಪೂಲಿನ ಹತ್ತಿರ ಒಂದು ಬೆರಳು,
ವಡಗಾವ್ ದಾಟುವಾಗ ಮೂರು,
ಧಾಯರಿ ಫಾಟಾ ಬರುವಷ್ಟರಲ್ಲಿ
ಮೊಣಕಾಲು ಎದೆಗೆ ಬಡಿಯುವ ಸರ್ಕಸ್ಸಿನ ಕರಡಿ.
ಪೋಹೆ ಗಾಡಿಯ ಹುಡುಗ ನಕ್ಕ.
ಬಿಗಿದೆ. ಮತ್ತೂ ಬಿಗಿದೆ.
ಕ್ಲಾಂಪಿನ ಎರಡು ಕಿವಿಗಳು ಒಂದನ್ನೊಂದು ಮುಟ್ಟಿದವು,
ದಂಟು ಮಾತ್ರ ಇಳಿಯುತ್ತಲೇ ಹೋಯಿತು
ಸಾಲ ಕೇಳಲು ಬಂದವನ ದನಿಯ ಹಾಗೆ.

ರಾತ್ರಿ ಅಡುಗೆಮನೆಯಲ್ಲಿ ತಲೆಕೆಳಗು ಮಾಡಿ ಕುಟ್ಟಿದೆ.
ಮಣ್ಣು ಉದುರಿತು, ಜೇಡರ ಬಲೆ,
ಹಳೆ ದಂಟು ಕಿತ್ತಾಗ ಜಾರಿ ತಳ ಸೇರಿದ್ದ
ಒಂದು ತಗಡಿನ ಸುರುಳಿ.
ಬಿಡಿಸಿದರೆ ತೆಂಗಿನೆಣ್ಣೆ ಡಬ್ಬಿಯ ತುಂಡು.
ಅರ್ಧ ತೆಂಗಿನಮರ, ನಾಗರಿಯಲ್ಲಿ ‘ಶುದ್ಧ’.
ಅಂಚುಗಳನ್ನು ಅರದಿಂದ ತಿಕ್ಕಿದ್ದ, ಪುಣ್ಯಾತ್ಮ.

ತಗಡಿನ ದಪ್ಪ ಪಾಯಿಂಟ್ ಎರಡು. ಎರಡು ಬದಿ.
ಕೂಡಿಸಲು ಕಾಗದ ಬೇಕಾಗಲಿಲ್ಲ.

ಅಂದರೆ ಅಷ್ಟು ನಿಖರವಾಗಿ, ಮೂರು ಸಲ, ನಾನು ಅಳೆದದ್ದು
ಇನ್ಯಾರದೋ ತಪ್ಪನ್ನು.

ಅವನೂ ಇದೇ ಪೇಟೆ ಸುತ್ತಿ, ಸಿಗದೆ,
ಎಣ್ಣೆ ಮುಗಿಯುವ ಮೊದಲೇ ಡಬ್ಬಿ ಕತ್ತರಿಸಿ
ಮನೆಯಲ್ಲಿ ಬೈಸಿಕೊಂಡಿರಬೇಕು.
ಆಮೇಲೆ ಆ ‘ಶುದ್ಧ’ದ ಮೇಲೆ ಕೂತೇ ಘಾಟಿ ಹತ್ತಿರಬೇಕು,
ಜಾರದೆ, ಒಂದು ನೂಲೂ ಜಾರದೆ.

ಅದನ್ನೇ ಮತ್ತೆ ಹಾಕಿ, ಚಲ್ತಾ ಹೈ, ಅಂದರು ಭಾಯಿ.
ತಪ್ಪು ಲೆಕ್ಕಕ್ಕೆ ಸರಿ ಉತ್ತರ ಬಂದರೂ
ಅರ್ಧ ಅಂಕ ಕೊಡುವವಳು ನಾನು.
ಇಪ್ಪತ್ತೇಳು ಎರಡು ಒಂದನ್ನು ಕೊಂಡು ಭೋಸರಿಗೆ ಹೋದೆ.

ಲಾಂಡಗೆಯವರ ಲೇತ್ ಮಿಷನ್ನು ಮಧ್ಯಾಹ್ನದ ನಿದ್ದೆಯಿಂದ ಎದ್ದಿತು.
ಸುತ್ತಲೂ ಮೂರು ಕೂದಲಿನಷ್ಟು ತೆಗೀಬೇಕು, ಅಲ್ವಾ ಬಾಯಿ?
ಅಲ್ಯೂಮಿನಿಯಂ ಶಾವಿಗೆಯಾಗಿ ಉದುರಿ
ನನ್ನ ಚಪ್ಪಲಿಯ ಮೇಲೆ ಬೆಚ್ಚಗೆ ಬಿತ್ತು.
ಆರು ಪಾಯಿಂಟ್ ಆರಕ್ಕೆ ಇನ್ನೊಂಚೂರು ಇರುವಾಗಲೇ ನಿಲ್ಲಿಸಿದರು.
ಉಳಿದದ್ದು ಮಿಷನ್ನಿನ ಕೆಲಸವಲ್ಲ, ಅಂದು
ಉಪ್ಪುಕಾಗದ ಕೊಟ್ಟರು. ಕೂತು ತಿಕ್ಕಿದೆ,
ಚಹಾ ಆರುವ ತನಕ, ಅದು ಆರಿದ ಮೇಲೂ.

ಒಳಗಿಳಿಸಿದಾಗ ಕೊಳವೆಯ ಗಾಳಿ
ಎಲ್ಲೋ ಕೆಳಗಿನ ತೂತಿನಿಂದ ಹೊರಟು
ಹೂಂ, ಅಂದಿತು.

ತಗಡು ಪಂಕ್ಚರ್ ಡಬ್ಬಿಯಲ್ಲಿದೆ. ಬಿಸಾಡಲಾಗಲಿಲ್ಲ.
ಭಾನುವಾರ ಧಾಯರಿಯಲ್ಲಿ ಪೋಹೆ ಹುಡುಗ ಗುರುತು ಹಿಡಿದ.
ಮಾವಶಿ, ಇವತ್ತು ಉದ್ದ ಆಗಿದೀರಿ!
ಇನ್ನೊಂದು ಪ್ಲೇಟು ಹಾಕು, ಅಂದೆ.